ಕೆಮ್ಮಿನ ಪ್ಲೇಟು

ಗುಂತಕಲ್ಲಿನ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ
ಗ್ರಾಮಫೋನಿಗೆ ಕೀಲಿ ಕೊಡುವವನು ನಾನು.
ಮಟ್ಟು ಒಂದೇ, ಪ್ಲೇಟು ಮೂರು.
ಹೆಸರಿನ ಚೀಟಿ ಇಲಿಯ ಪಾಲು.

ಒಂದು ಮೇಲ್ ಗಾಡಿ:
ಹರೆಯದ ಫೈರ್‌ಮನ್ನುಗಳಷ್ಟೇ ಅದಕ್ಕೆ ಕುಣಿದಾರು.
ಇನ್ನೊಂದು ಗೂಡ್ಸು. ಕ್ಲಾರಿನೆಟ್ಟು
ಸಿಗ್ನಲ್ ಬಿದ್ದರೂ ಹೊರಡಲೊಲ್ಲದು.

ಮೂರನೆಯದರಲ್ಲಿ,
ತುತ್ತೂರಿ ಏಳುವ ಮುಂಚೆ,
ಯಾವ ಊರೋ, ಯಾರೋ ಒಬ್ಬ ಕೆಮ್ಮುತ್ತಾನೆ.
ಅಲ್ಲಿಗೆ ಸರಿಯಾಗಿ ಡೋರೀನಮ್ಮ
ಎರಡೂ ಚಪ್ಪಲಿ ಕಳಚಿ
ಗಾರ್ಡ್ ಪಿಂಟೋನ ಕೈಗೆ ಕೈ ಕೊಟ್ಟು
ಗಿರ್ರನೆ ತಿರುಗುತ್ತಿದ್ದಳು.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಅದು ಕೈಜಾರಿತು.
ಚೂರುಗಳನ್ನು ಬೆಂಚಿನಡಿ ತಳ್ಳಿ
ಗೂಡ್ಸನ್ನೇ ಇಟ್ಟೆ.

ತುತ್ತೂರಿ ಹತ್ತಿರ ಬಂತು.
ಆಕೆ ಕಿವಿಗೊಟ್ಟು ನಿಂತೇ ಇದ್ದಳು.

ಪರದೆಯ ಹಿಂದಿನಿಂದ
ನಾನೇ ಕೆಮ್ಮಿದೆ.

ಇತ್ತ ತಿರುಗಿ ನೋಡಲಿಲ್ಲ.
ಒಂದು ಚಪ್ಪಲಿ ಮಾತ್ರ ಕಳಚಿದಳು.