ಬಾಣದ ಗುರುತು

ಮಂಗಳವಾರ, ಸಂಜೆ ಏಳೂಕಾಲು.
ಸರ್ಕಲ್ಲಿನ ಬಸ್ಸುಗಳ ಹಾರನ್ನು
ಈ ಹಳೆ ಕಲ್ಲುಗೋಡೆಯಲ್ಲಿ ಸೋಸಿ ಬರುವಷ್ಟರಲ್ಲಿ
ಬರೀ ಗುಂಯ್ ಅನ್ನುವ ನೆಪ.
ಒಳಗಿನ ಗುಂಯ್ ಬೇರೆ:
ನಿಮಿಷಕ್ಕೆ ನಾಲ್ಕು ಸಾವಿರದಿನ್ನೂರು ಸುತ್ತು,
ಹನ್ನೊಂದನೇ ತುಂಡು ತಿರುಗುತ್ತಿದೆ ನಿನ್ನೆ ಮಧ್ಯಾಹ್ನದಿಂದ.
ಎಪ್ಪತ್ತನಾಲ್ಕು ಲಕ್ಷ ದಾಟಿತು.

ನಾನೇ ಉಜ್ಜಿದ್ದು ಅದನ್ನು.
ಬೆರಳುದ್ದದ ಉಕ್ಕು, ನಡುವೆ ಸೊಂಟ ಸಣ್ಣ.
ಎಮೆರಿ ಕಾಗದ ಉದ್ದಕ್ಕೇ ಆಡಬೇಕು;
ಅಡ್ಡ ಎಳೆದರೆ ಆ ಗೀರಿನಲ್ಲೇ ಬಿರುಕು
ಕರೆಯದ ನೆಂಟನಂತೆ ಬಂದು ಕೂರುತ್ತದೆ.
ಎರಡು ದಿನ ಉಜ್ಜಿದೆ,
ಮುರಿಯಲಿಕ್ಕೆಂದು.

ಮೊದಲಿನವು ಸಲೀಸಾಗಿ ಹೋದವು.
ಭಾರ ಜಾಸ್ತಿ ಇಟ್ಟಾಗ ಬರೀ ನಲವತ್ತು ಸಾವಿರ,
ಕೆಳಗಿಳಿದು ಬೈಟೂ ಕಾಫಿ ಕುಡಿದು ಬರುವಷ್ಟರಲ್ಲಿ
ಟಕ್.
ನಾಲ್ಕನೆಯದು ಮಾತ್ರ ವಾರವೆಲ್ಲ ಸತಾಯಿಸಿತು.
ಅದರ ಮುರಿದ ಮುಖ ಮೈಕ್ರೋಸ್ಕೋಪಿನ ಕೆಳಗೆ
ಅಲೆ ಹಿಂದೆ ಸರಿದ ಮರಳಿನ ಹಾಗೆ, ಗೆರೆ ಮೇಲೆ ಗೆರೆ.
ಪುಸ್ತಕದಲ್ಲಿ ಇದಕ್ಕೆ ಬೀಚ್ ಮಾರ್ಕ್ ಅಂತ ಹೆಸರು.
ಎಣಿಸಿದೆ. ಆರು.
ಆ ವಾರ ಕರೆಂಟು ಹೋಗಿದ್ದೂ ಆರೇ ಸಲ.
ಕಡಲಿಲ್ಲದ ಊರಿನ ಎರಡನೇ ಮಹಡಿಯಲ್ಲಿ
ಕಿರುಬೆರಳ ಉಗುರಿನಷ್ಟು ದಡ.

ಲೂರ್ದುಸ್ವಾಮಿ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ
ತುದಿಯನ್ನು ಬೇರಿಂಗಿಗೆ ತಾಗಿಸಿ ಕಣ್ಣು ಮುಚ್ಚುತ್ತಾರೆ.
'ಗೊಣಗ್ತಾ ಇದೆ, ಆದ್ರೆ ಮುರಿಯೋ ಜಾತಿ ಅಲ್ಲಮ್ಮ ಇದು.
ಮನೆಗೋಗಿ ಮಲ್ಕೋ.'
ಮೂವತ್ತೊಂದು ವರ್ಷ ಇದೇ ಲ್ಯಾಬು.
ಯಾರ ಥೀಸಿಸ್ಸಿನಲ್ಲೂ ಅವರ ಹೆಸರು
ಕೃತಜ್ಞತೆಯ ಕೊನೇ ಸಾಲಿನಿಂದ ಮೇಲೆ ಹತ್ತಿಲ್ಲ,
ಕೆಲವರು ಕಾಗುಣಿತವನ್ನೂ ತಪ್ಪು ಬರೆದಿದ್ದಾರೆ.

ಪಾಠ ಇಷ್ಟೇ:
ಉಕ್ಕಿಗೊಂದು ತಾಳಿಕೆಯ ಮಿತಿಯುಂಟು.
ಭಾರ ಅದರ ಕೆಳಗಿದ್ದರೆ ಎಷ್ಟು ಬಾಗಿಸು, ಎಷ್ಟು ಸಲ ಬಾಗಿಸು,
ಅದಕ್ಕದು ಲೆಕ್ಕಕ್ಕೇ ಇಲ್ಲ.
ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯಿಲ್ಲ.
ಎಷ್ಟೇ ಹಗುರವಾಗಿರಲಿ, ಅದು ಒಂದೊಂದನ್ನೂ ಬರೆದಿಟ್ಟುಕೊಳ್ಳುತ್ತದೆ,
ಯಾವತ್ತೋ ಒಂದು ದಿನ ಒಟ್ಟಿಗೆ ಹೇಳುತ್ತದೆ.

ಕಾಮಾಕ್ಷಿಪಾಳ್ಯದಲ್ಲಿ ಅಮ್ಮ ಮಣೆ ಮುಂದೆ ಕೂತು
ಊದುಬತ್ತಿ ಹೊಸೆಯುತ್ತಿದ್ದಳು. ಸಾವಿರಕ್ಕಿಷ್ಟು ಅಂತ.
ದಿನಕ್ಕೆ ನಾಲ್ಕು ಸಾವಿರ.
ರೆಕಾರ್ಡ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಲ್ಲಿ ಹಾಕಿ ನೋಡಿದೆ,
ಹಬ್ಬ ಹರಿದಿನ ಕಳೆಯದೆ:
ಕೋಟಿಗೆ ಏಳು ವರ್ಷ.
ಯಂತ್ರಕ್ಕೆ ನಲವತ್ತು ಗಂಟೆ.
ಮೂರನೇ ಕೋಟಿಯಲ್ಲಿ ಅವಳ ಬಲ ಮಣಿಕಟ್ಟು ನಿಂತಿತು.
ಈಗ ಉಪ್ಪಿನಕಾಯಿ ಜಾಡಿಯ ಮುಚ್ಚಳ ನಾನೇ ತೆಗೆದುಕೊಡಬೇಕು.

'ಇದೇನಿದು?' ಅಂಚಿಗೆ ಬೆರಳಿಟ್ಟು ಗೈಡ್ ಕೇಳಿದ್ದರು.
ರಫ್ ವರ್ಕು ಸರ್, ಅಂದಿದ್ದೆ.
'ಬೈಂಡಿಂಗಿಗೆ ಕೊಡೋ ಮುಂಚೆ ಅಳಿಸ್ಬಿಡು.'

ಬುಧವಾರ ಬೆಳಗಿನ ಜಾವ ಐದು ನಲವತ್ತು.
ಒಂದು, ಆಮೇಲೆ ಏಳು ಸೊನ್ನೆ.
ಸ್ವಿಚ್ಚು ಆರಿಸಿದೆ. ಆ ಮೌನಕ್ಕೆ
ಲೂರ್ದುಸ್ವಾಮಿ ಸ್ಟೂಲಿನ ಮೇಲೆ ಬೆಚ್ಚಿ ಎದ್ದರು;
ಮನೆಗೆ ಹೋಗು ಅಂದವರು ತಾವು ಹೋಗಿರಲಿಲ್ಲ.
ತುಂಡು ಅಂಗೈಯಲ್ಲಿ ಉಗುರುಬೆಚ್ಚಗೆ, ಇಡಿಯಾಗಿ.
ಗ್ರಾಫಿನಲ್ಲಿ ಮುರಿದವಕ್ಕೆಲ್ಲ ಚುಕ್ಕಿ.
ಮುರಿಯದ್ದಕ್ಕೆ ಚುಕ್ಕಿಯ ಜೊತೆ
ಬಲಕ್ಕೆ ತಿರುಗಿದ ಪುಟ್ಟ ಬಾಣ. ಅರ್ಥ:
ಇದು ನಿಲ್ಲಲಿಲ್ಲ,
ನಾವು ನಿಲ್ಲಿಸಿದೆವು.

ಮೊದಲ ಬಸ್ಸಿನಲ್ಲಿ ಮನೆಗೆ ತಂದೆ ಅದನ್ನು,
ರಿಜಿಸ್ಟರಿನಲ್ಲಿ ಬರೆಯದೆ.
ಅಮ್ಮ ಎಡಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು,
ನುಣುಪನ್ನು ಕೆನ್ನೆಗೆ ತಾಗಿಸಿದಳು.
ಕೋಟಿ ಸಲ ತಿರುಗಿದೆಯಮ್ಮ ಇದು, ಅಂದೆ.
ಸ್ವಲ್ಪ ಹೊತ್ತು ಲೆಕ್ಕ ಹಾಕಿದ ಹಾಗೆ ಸುಮ್ಮನಿದ್ದು
ಕೇಳಿದಳು:
'ಸಾವಿರಕ್ಕೆ ಎಷ್ಟು ಕೊಡ್ತಾರೆ?'