ಹಾಡಿನ ಕಿವಿ

ಮಂಜು ಬಂದ ಕೂಡಲೇ ಹಾಡು ಯಾಕೆ ಸಣ್ಣ ಮಾಡ್ತೆ ಮಾರಾಯ,
ಕಣ್ಣಿಗೂ ಕಿವಿಗೂ ಎಂತ ಸಂಬಂಧ?
ಕೇಳಿದವ ಜುಜೆ, ನನ್ನ ಗಾಡಿಯ ಕ್ಲೀನರು,
ಯಲ್ಲಾಪುರದಾಚೆಯ ಸಿದ್ದಿ ಹುಡುಗ.
ಕಾಲು ಡ್ಯಾಶ್‌ಬೋರ್ಡಿನ ಮೇಲೆ, ಬಾಯಲ್ಲಿ ಶೇಂಗಾ.
ನನಗೆ ಉತ್ತರ ಗೊತ್ತಿರಲಿಲ್ಲ.
ಕೈ ತಾನಾಗೇ ಹೋಗಿತ್ತು.
ತುಂಟ ಹುಡುಗನ ಕಿವಿ ಹಿಂಡಿದ ಹಾಗೆ
ಹಾಡಿನ ಕಿವಿ ಹಿಂಡಿ ವಾಪಸು ಬಂದಿತ್ತು.

ಬೈತಖೋಲದಿಂದ ಹುಬ್ಬಳ್ಳಿಗೆ ವಾರಕ್ಕೆ ನಾಲ್ಕು ರಾತ್ರಿ.
ಹಿಂದೆ ಐಸು, ಬಂಗಡೆಯ ಕ್ರೇಟು.
ಮುಂದೆ ನಾವಿಬ್ಬರು,
ಪೆನ್‌ಡ್ರೈವಿನಲ್ಲಿ ಆರುನೂರು ಹಾಡು.

ಹೋದ ತಿಂಗಳು ಒಮ್ಮೆ
ರಾಮನಗುಳಿ ದಾಟಿದ್ದು ನೆನಪಿದೆ.
ಆಮೇಲೆ ನೆನಪಿರುವುದು ಗುಳ್ಳಾಪುರದ ದೀಪ.
ನಡುವಿನ ರಸ್ತೆ ಇಲ್ಲ.
ತಿರುವುಗಳಿವೆ, ಅವು ಎಲ್ಲಿ ಹೋದಾವು,
ಯಾರದೋ ದನ ಅಡ್ಡ ಬಂದಿದ್ದರೂ ಬಂದಿರಬಹುದು.
ಹಾಡನ್ನು ಬಾಯಿಪಾಠ ಒಪ್ಪಿಸಬಲ್ಲೆ,
ಗೇರು ಯಾವಾಗ ಬದಲಿಸಿದೆ ಹೇಳಲಾರೆ.
ಅಷ್ಟು ದೂರ ಗಾಡಿ ಹೊಡೆದವರು ಯಾರು?
ಲೈಸೆನ್ಸು ಮಾತ್ರ ನನ್ನ ಹೆಸರಲ್ಲಿತ್ತು.

ಶೇವಂತಿಗೆ ಹೇಳಿದರೆ ನಕ್ಕಳು.
ಶೆಟ್ಲಿ ಸುಲಿಯುವ ಶೆಡ್ಡಿನಲ್ಲಿ ಅವರು ನಲವತ್ತು ಹೆಂಗಸರು,
ಮೂಲೆಯಲ್ಲಿ ಉಪ್ಪುಗಾಳಿಗೆ ಗಂಟಲು ಕಟ್ಟಿದ ರೇಡಿಯೋ.
ಅದು ಹಾಡಿದಷ್ಟು ಹೊತ್ತು
ತಲೆ, ಸಿಪ್ಪೆ, ನಾರು ತಮ್ಮ ತಮ್ಮ ಬುಟ್ಟಿಗೆ ತಾವೇ ಬೀಳುತ್ತವಂತೆ.
ಕರೆಂಟು ಹೋದ ದಿನ
ಎಲ್ಲರೂ ತಮ್ಮ ಬೆರಳನ್ನೇ ನೋಡುತ್ತ ಕೂತು
ಆಪೋಲಿನ್ ಬಾಯಿಯ ಹೆಬ್ಬೆರಳಿಗೆ ಮುಳ್ಳು ನೆಟ್ಟಿತಂತೆ.
ನೋಡಿ ನೋಡಿ ಮಾಡಿದರೆ ಕೆಲಸ ಕೆಡ್ತದೆ, ಅಂದಳು.
ನಾನು ವಾದ ಮಾಡಲಿಲ್ಲ.
ಶೆಟ್ಲಿ ಎದುರಿನಿಂದ ಬಂದು ಹಾಯುವುದಿಲ್ಲ.

ದೋಣಿಗೆ ಹೋಗುತ್ತಿದ್ದ ಕಾಲದಲ್ಲಿ
ನಮ್ಮ ತಾಂಡೇಲ ರೋಹಿದಾಸ ಯಾವ ಗದ್ದಲಕ್ಕೂ ಅಡ್ಡಿ ಹೇಳಿದವನಲ್ಲ.
ಬೈಗುಳ, ಇಸ್ಪೀಟು, ಟ್ರಾನ್ಸಿಸ್ಟರು, ನಡೆಯಲಿ.
ಕಾಳಿಯ ಅಳಿವೆ ಹತ್ತಿರವಾದರೆ ಮಾತ್ರ
ಒಂದು ಕೈ ಮೇಲೆತ್ತುತ್ತಿದ್ದ.
ಕವಳ ಜಗಿಯುತ್ತಿದ್ದ ಬಾಯಿ ಕೂಡ ಹಾಗೇ ನಿಲ್ಲಬೇಕು.
ಮರಳ ದಿಬ್ಬದ ಮೇಲೆ ಒಡೆಯುವ ತೆರೆ ಬೇರೆ,
ಆಳದಲ್ಲಿ ಮಗುಚುವ ತೆರೆ ಬೇರೆ;
ಅವನು ಕಣ್ಣು ಮುಚ್ಚಿ ನೋಡುತ್ತಿದ್ದ.

ಈ ರಾತ್ರಿ ಅರಬೈಲಿನಲ್ಲಿ
ಮಂಜು ಗಾಜಿಗೆ ಮುಖ ಒತ್ತಿದಾಗ
ಅವನ ಕೈಯೇ ಇರಬೇಕು ಎದ್ದದ್ದು.
ಹಾಡು ಹೋಯಿತು.
ಸ್ವಲ್ಪ ಹೊತ್ತು ವೈಪರು ಅದೇ ತಾಳ ಹಿಡಿದಿತ್ತು,
ಆಮೇಲೆ ಅದೂ ಬರೀ ವೈಪರಾಯಿತು.
ಐಸು ಕರಗಿ ತೊಟ್ಟಿಕ್ಕುವುದು ಕೇಳಿತು.
ಎಡಗಡೆ ಹಿಂದಿನ ಗಾಲಿಯಲ್ಲಿ ಟಿಕ್, ಟಿಕ್,
ಎಷ್ಟು ದಿನದಿಂದ ಕರೆಯುತ್ತಿತ್ತೋ.
ಮತ್ತೆ, ತಿರುವಿನಾಚೆ, ದೀಪ ಕಾಣುವ ಎಷ್ಟೋ ಮೊದಲು,
ಟ್ಯಾಂಕರೊಂದು ಎರಡನೇ ಗೇರಿನಲ್ಲಿ ನರಳುತ್ತ ಇಳಿಯುವುದು.
ಬದಿಗೆ ಒತ್ತಿ ನಿಂತೆ.
ಅದು ನಮ್ಮ ಕನ್ನಡಿಯನ್ನು ಸವರಿ ಹೋಯಿತು.
ಜುಜೆ ಕಾಲು ಕೆಳಗಿಳಿಸಿದ.

ಇಲ್ಲಿಗೇ ಬಿಟ್ಟರೆ ಮೌನ ಭಾರೀ ಒಳ್ಳೆಯದು ಎಂದಾಗುತ್ತದೆ.
ಹಾಗೇನೂ ಅಲ್ಲ.
ಘಟ್ಟ ಹತ್ತಿ ರಸ್ತೆ ನೆಟ್ಟಗಾದದ್ದೇ
ಹಾಡು ಎದ್ದು ಹೋದ ಜಾಗದಲ್ಲಿ
ಸಂಜೆ ಶೇವಂತಿ ಬಾಗಿಲಲ್ಲಿ ನಿಂತು ಅರ್ಧ ಆಡಿ ಬಿಟ್ಟ ಮಾತು ಬಂದು ಕೂತಿತು.
ನಿಮಗೆ ಗಾಡಿ ಹೇಳಿದ್ದಾದರೂ ಕೇಳ್ತದೆ, ನಾನು...
ಮುಗಿದರೆ ಮತ್ತೆ ಮೊದಲಿಂದ.
ಯಲ್ಲಾಪುರ ಬಂದದ್ದೇ ಗೊತ್ತಾಗಲಿಲ್ಲ.
ಅದರ ಕಿವಿ ಹಿಂಡಲು ಗುಂಡಿ ಎಲ್ಲೂ ಇಲ್ಲ.

ಚಾ ಅಂಗಡಿಯೆದುರು ಜುಜೆ ಜಾಕಿ ಕೊಟ್ಟು ಗಾಲಿ ತಿರುಗಿಸಿ ನೋಡಿದ.
ಬೇರಿಂಗು, ಅಂದ.
ಕೈ ಒರೆಸಿಕೊಂಡು, ಹಾಡು ಹಚ್ಲಾ?
ತಡಿ, ಅಂದೆ.
ಶೆಡ್ಡಿಗೆ ಹೊರಡಲು ಅವಳು ಏಳುವ ಹೊತ್ತು. ಫೋನು ಹಚ್ಚಿದೆ.
ಅವಳಿಗಿಂತ ಮೊದಲು
ಅವಳ ಕಾಲರ್ ಟ್ಯೂನು ಎತ್ತಿಕೊಂಡಿತು.
ಹಾಡು ನಿಲ್ಲಲಿ ಎಂದು
ಕಿವಿ ಒತ್ತಿ ನಿಂತೆ.