ಹೋಗಿಬರುವ ದೂರ

ನಿಯಮ ಐದನ್ನು ಟೈಪು ಮಾಡಿದ್ದು ನಾನೇ:
‘ಸೈಕಲ್ಲನ್ನು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ
ತಿಂಗಳಲ್ಲಿ ಅರ್ಧದಷ್ಟು ದಿನವಾದರೂ ಬಳಸತಕ್ಕದ್ದು.’
ತಕ್ಕದ್ದು ಅನ್ನುವಲ್ಲಿ ಒತ್ತಕ್ಷರ ತಪ್ಪಿ
ಎರಡು ಸಲ ಪ್ರಿಂಟು ತೆಗೆದೆ.
ತೆರಿಗೆಗೆ ಮುಂಚೆಯೇ ಸಂಬಳದಲ್ಲಿ ಕಡಿತ,
ಹನ್ನೆರಡು ಕಂತು. ಬಿಲ್ಲು ತಂದರೆ ಸಾಕು.

ಬೈಕಂಪಾಡಿಯ ನಮ್ಮ ಪೈಪಿನ ಕಂಪನಿಗೆ
ಸೈಕಲ್ಲಿನಲ್ಲಿ ಬರುವುದೆಂದರೆ ಎಂತ ಅಂತ
ಯೋಜನೆ ಮಾಡಿದವರಿಗೆ ಗೊತ್ತಿಲ್ಲ.
ಕೂಳೂರು ಸೇತುವೆಯ ಮೇಲೆ ಗ್ಯಾಸಿನ ಟ್ಯಾಂಕರು
ಕಿವಿಯ ಹತ್ತಿರವೇ ಉಸಿರು ಬಿಡುತ್ತದೆ.
ಆದರೂ ಬಿಲ್ಲುಗಳು ಬಂದವು.

ಲವೀನಾ ಕ್ರಾಸ್ತಾಳದ್ದು ‘ಲೇಡೀಸ್, ಇಪ್ಪತ್ತಾರು ಇಂಚು’.
ಮನೆಗೆ ಹೋದದ್ದು ಹದಿನಾರರದ್ದು,
ಬದಿಗೆ ಎರಡು ಪುಟ್ಟ ಚಕ್ರ, ಹ್ಯಾಂಡಲಿಗೆ ರಿಬ್ಬನ್ನು.
ಇದ್ದಿನಬ್ಬರದ್ದು ಸೈಕಲ್ಲು ಹೌದು, ಓಡುವುದು ಮಾತ್ರ ಉಳ್ಳಾಲದಲ್ಲಿ,
ತಮ್ಮ ಅದರ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿದ್ದಾನೆ.
ಜಯಕರ ಸಾಲಿಯಾನ್ ತನ್ನದನ್ನು ಶೆಡ್ಡಿನಲ್ಲಿ ನಿಲ್ಲಿಸಿ
ದಿನಾ ಬಸ್ಸಿನಲ್ಲಿ ಬಂದು ಅದರ ಸೀಟು ಒರೆಸುತ್ತಾನೆ.
ಎಲ್ಲದಕ್ಕೂ ಸೀಲು ಹೊಡೆದೆ.
ನನ್ನದಕ್ಕೂ.

ನನ್ನದು ಎಲ್ಲಿಗೂ ಹೋಗುವುದಿಲ್ಲ.
ಮುಂದೆ ಒಂದು ಭಾರದ ಗಾಲಿ ಉಂಟು, ನೆಲಕ್ಕೆ ತಾಗುವುದಿಲ್ಲ.
ಇವರ ಮೊಣಕಾಲಿನ ಆಪರೇಷನ್ ಆದ ಮೇಲೆ ಡಾಕ್ಟರು ಹೇಳಿದ್ದು:
ದಿನಾ ಪೆಡಲು ತುಳಿಯಲಿ, ಇಲ್ಲದಿದ್ದರೆ ಕಾಲು ಕೊರಡು.
ಅಂಗಡಿಯ ಪೊಡಿಮೋನು ಪೆನ್ನು ಎತ್ತಿ ಕೇಳಿದ:
‘ಅಕ್ಕ, ಎಕ್ಸರ್‌ಸೈಜ್ ಅಂತಲೂ ಬರೀಬೇಕಾ?’
‘ಸೈಕಲ್ ಅಂತ ಬರಿ. ಸುಳ್ಳಲ್ಲವಲ್ಲ.’
ಹದಿನಾಲ್ಕು ಸಾವಿರ.
ಉಳಿದದ್ದು ಎರಡು ಸಾವಿರದ ಎಂಟುನೂರು.

ಇವರು ಇಪ್ಪತ್ತೆಂಟು ವರ್ಷ ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರು.
ಕುಂದಾಪುರದ ಎಕ್ಸ್‌ಪ್ರೆಸ್ಸಿಗೆ ಮುಲ್ಕಿಯಲ್ಲಿ ಹತ್ತಿ
ಪಡುಬಿದ್ರಿಯಲ್ಲಿ ಇಳಿಯುವುದರೊಳಗೆ
ಯಾರ ಕಿಸೆಯಲ್ಲಿ ಟಿಕೆಟಿಲ್ಲವೆಂದು ಮುಖದಲ್ಲೇ ಓದಿದವರು.
ಸ್ವಂತ ಭಾವನಿಗೆ ದಂಡ ಹಾಕಿದವರು;
ಭಾವ ಈಗಲೂ ನಮ್ಮ ಮನೆಗೆ ಬರುವುದಿಲ್ಲ.
ಬಿಲ್ಲು ಕೇಳಿದರು. ಕನ್ನಡಕ ಹಾಕಿ ಓದಿದರು.
ಆಮೇಲೆ ನನ್ನ ಮುಖ ಓದಿದರು.

ಎರಡು ದಿನ ಹತ್ತಲಿಲ್ಲ.
ಇರಲಿ ಎಂದು ಹ್ಯಾಂಡಲಿಗೆ ಬೈರಾಸು ಒಣಹಾಕಿದೆ.
ಮೂರನೆಯ ದಿನ ಬಚ್ಚಲಲ್ಲಿ ಮೊಣಕಾಲು ಮಡಚಲಾಗದೆ
ಗೋಡೆ ಹಿಡಿದು ನಿಂತದ್ದು ನನಗೆ ಗೊತ್ತು.
ಕೇಳಲಿಲ್ಲ.
ಸಂಜೆಗೆ ಬೈರಾಸು ಹಗ್ಗಕ್ಕೆ ಹೋಗಿತ್ತು.

ಮೊನ್ನೆ ಆಡಿಟರು ಬರುತ್ತಾರೆಂದು ಸುದ್ದಿ.
ಆ ಬೆಳಿಗ್ಗೆ ನಮ್ಮ ಗೇಟು ನೋಡಬೇಕಿತ್ತು ಮಾರಾಯ್ರೆ!
ಇದ್ದಿನಬ್ಬರು ಬಂಗುಡೆಯ ವಾಸನೆ ಸಮೇತ.
ಸಾಲಿಯಾನ್ ಶೆಡ್ಡಿನಿಂದ ಹೊರಗೆ ತಳ್ಳಿಕೊಂಡು ಹೋಗಿ
ಬೆಲ್ಲು ಹೊಡೆಯುತ್ತಾ ಮತ್ತೆ ಒಳಗೆ ಬಂದ.
ಲವೀನಾ ರಿಬ್ಬನ್ನು ಬಿಚ್ಚಿದ್ದಳು,
ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.
ವಾಚ್‌ಮನ್ ಕೊರಗಪ್ಪಣ್ಣ ನಗದೆ
ಒಬ್ಬೊಬ್ಬರಿಗೂ ಸಲಾಮು ಹೊಡೆದು ರಿಜಿಸ್ಟರಿನಲ್ಲಿ ಬರೆದುಕೊಂಡರು.
ಆಡಿಟರು ಬರಲಿಲ್ಲ.
ಫೋನಿನಲ್ಲಿ ಕೇಳಿದರು: ಎಷ್ಟು?
ಹನ್ನೊಂದು. ಸರಿ, ಫಾರಂ ಕಳಿಸಿ.

ಹನ್ನೊಂದರಲ್ಲಿ ಒಂದು ಉರ್ವಸ್ಟೋರಿನಲ್ಲಿ,
ನಮ್ಮ ಹಾಲಿನಲ್ಲಿ, ಕ್ಯಾಲೆಂಡರಿಗೆ ಮುಖ ಮಾಡಿ.

ರಾತ್ರಿ ಫಾರಂ ತುಂಬಿಸಲು ಕೂತೆ.
‘ಈವರೆಗೆ ಕ್ರಮಿಸಿದ ದೂರ.’
ಇವರು ಆಗ ತಾನೇ ಇಳಿದು ಬೆವರು ಒರೆಸುತ್ತಿದ್ದರು.
ಮೀಟರಿನಲ್ಲಿ ಸಾವಿರದ ನಾನೂರ ನಾಲ್ಕು.
ಮನೆಯಿಂದ ಆಫೀಸಿಗೆ ಒಂಬತ್ತು, ಹೋಗಿಬರಲು ಹದಿನೆಂಟು.
ಭಾಗಿಸಿದೆ. ಎಪ್ಪತ್ತೆಂಟು. ಶೇಷ ಇಲ್ಲ.
ಐದು ತಿಂಗಳಲ್ಲಿ ಎಪ್ಪತ್ತೆಂಟು ಸಲ
ಕೊಟ್ಟಾರ ಚೌಕಿ ದಾಟಿ, ಸೇತುವೆ ದಾಟಿ, ಟ್ಯಾಂಕರುಗಳ ಪಕ್ಕದಲ್ಲೇ
ನನ್ನ ಟೇಬಲ್ಲಿನ ತನಕ ಬಂದು
ಒಂದು ಮಾತೂ ಆಡದೆ ಹಿಂದೆ ಹೋಗಿದ್ದಾರೆ ಈ ಮನುಷ್ಯ.

‘ಎಷ್ಟು ಬರೆಯಲಿ?’ ಕೇಳಿದೆ.
ಚೆಕಿಂಗ್ ಇನ್‌ಸ್ಪೆಕ್ಟರು ತಾವೇ ಬಗ್ಗಿ ಮೀಟರು ನೋಡಿದರು.
ಬಗ್ಗಿ. ಆಪರೇಷನ್ನಿನ ನಂತರ ಮೊದಲ ಸಲ.
‘ಇದ್ದದ್ದು ಬರಿ.
ಒಂದು ಕಿಲೋಮೀಟರೂ ಹೆಚ್ಚು ಬರೀಬೇಡ.’